ದಿವಾಕರನ ಮೆಟಾಕ್ಲಾಸ್

ಹ್ಯಾರಿಸನ್ ಪಟ್ಟಣದ ಒಂದು ವಿಮಾ ಕಂಪನಿಯಲ್ಲಿ ದಿವಾಕರನ ಕೆಲಸ ಒಂಬತ್ತು ವರ್ಷ ಉಳಿದದ್ದು ಒಂದು ಮೆಟಾಕ್ಲಾಸಿನ ದೆಸೆಯಿಂದ. ಪ್ರೋಗ್ರಾಮಿನಲ್ಲಿ ಕ್ಲಾಸ್ ಅಂದರೆ ಚಕ್ಕುಲಿ ಅಚ್ಚು ಎಂದುಕೊಳ್ಳಿ. ಮೆಟಾಕ್ಲಾಸ್ ಅಂದರೆ ಅಚ್ಚುಗಳನ್ನೇ ತಯಾರಿಸುವ ಅಚ್ಚು. ಹೊಸ ಪಾಲಿಸಿಗೆ ಯಾರು ಕ್ಲಾಸ್ ಬರೆದರೂ ಇವನ ಮೆಟಾಕ್ಲಾಸ್ ಅದನ್ನು ತಾನಾಗಿಯೇ ಕಂಪನಿಯ ಪಾಲಿಸಿಗಳ ಪಟ್ಟಿಗೆ ಸೇರಿಸಿಬಿಡುತ್ತಿತ್ತು. ಹೇಗೆ ಎಂಬುದು ಮಾತ್ರ ಯಾರ ತಲೆಗೂ ಹತ್ತುತ್ತಿರಲಿಲ್ಲ. ಮೂರು ಸಲ ಲೇಆಫ್ ಬಂದಾಗಲೂ, ಅದನ್ನು ಮುಟ್ಟಲು ದಿವಾಕರನೇ ಬೇಕೆಂದು ಇವನನ್ನು ಉಳಿಸಿಕೊಂಡಿದ್ದರು.

ಈಗ ಕೆಲಸದಿಂದ ತೆಗೆಯುವವರ ನಾಲ್ಕನೆಯ ಪಟ್ಟಿ ತಯಾರಾಗುತ್ತಿತ್ತು. ಗ್ರೀನ್ ಕಾರ್ಡಿನ ಸರದಿ ಬಂದಿಲ್ಲ. ಕೆಲಸ ಹೋದರೆ ಈ ದೇಶದಲ್ಲಿ ಉಳಿಯಲು ಅರವತ್ತೇ ದಿನ. ಮಗಳು ಧೃತಿಯ ಹೈಸ್ಕೂಲ್ ಮುಗಿಯಲು ಇನ್ನೂ ಏಳು ತಿಂಗಳಿತ್ತು.

ನಿಜ ಹೇಳಬೇಕೆಂದರೆ ಆ ಮೆಟಾಕ್ಲಾಸ್ ಅಲ್ಲಿ ಬೇಕಾಗಿಯೇ ಇರಲಿಲ್ಲ. ಯಾರಿಗಾದರೂ ಅರ್ಥವಾಗುವ ಸಾಧಾರಣ ಫಂಕ್ಷನ್ ಒಂದು, ಅಂದರೆ ಕೆಲವೇ ಸಾಲಿನ ಕೋಡ್, ಸಾಕಿತ್ತು. ಜಂಬಕ್ಕೆ ಬರೆದದ್ದನ್ನು ಭಯಕ್ಕೆ ಉಳಿಸಿಕೊಂಡಿದ್ದ, ಅಷ್ಟೆ.

ಮಂಗಳವಾರ ಹಂಸಿನಿ ಲ್ಯಾಪ್‌ಟಾಪ್ ಹಿಡಿದು ಬಂದು ಪಕ್ಕದಲ್ಲಿ ಕೂತಳು. ಇಲ್ಲೇ ಎಡಿಸನ್ ಊರಿನಲ್ಲಿ ಹುಟ್ಟಿ ಬೆಳೆದ, ಇವನ ತಂಡದ ಹುಡುಗಿ. ಇವನೇ ಇಂಟರ್ವ್ಯೂ ಮಾಡಿ ಆರಿಸಿ, ಕೆಲಸ ಕಲಿಸಿದ್ದ.

"ಅಂಕಲ್, ವೆನ್ ಡು ವಿ ಆಕ್ಚುಲಿ ನೀಡ್ ಎ ಮೆಟಾಕ್ಲಾಸ್?"

"ಕ್ಲಾಸ್ ಹುಟ್ಟೋ ಹೊತ್ತಲ್ಲೇ ಅದನ್ನ ಬದಲಾಯಿಸ್ಬೇಕು, ಬೇರೆ ಯಾವ ದಾರೀನೂ ಇಲ್ಲ ಅಂದಾಗ ಮಾತ್ರ. ನನ್ನ ಸರ್ವೀಸಲ್ಲಿ ಅಂಥದ್ದು ಎರಡೇ ಸಲ ನೋಡಿದೀನಿ."

"ಈಸ್ ದಿಸ್ ಒನ್ ಆಫ್ ದಿ ಟು?"

ಹೌದು ಅಂದಿದ್ದರೆ ಮುಗಿಯುತ್ತಿತ್ತು. ದಿವಾಕರ ಅಂಥ ಹರಿಶ್ಚಂದ್ರನೇನಲ್ಲ. ಮ್ಯಾನೇಜರ್ ಕುನಾಲ್‌ಗೆ ಇದೇ ಸುಳ್ಳನ್ನು ವರ್ಷವರ್ಷವೂ ಹೇಳಿದ್ದ. ಆದರೆ ಈ ಹುಡುಗಿ ಪೆನ್ನು ಹಿಡಿದು ಬರೆದುಕೊಳ್ಳಲು ಕಾದಿದ್ದಳು. ಇವನು ಏನು ಹೇಳಿದರೂ ಜೀವಮಾನವಿಡೀ ನಂಬುವವಳು. ಅವನಿಗೆ ನಾಚಿಕೆಯಾಯಿತು.

"ಅಲ್ಲ," ಎಂದ.

ಹಂಸಿನಿ ಉಸಿರು ಬಿಟ್ಟು ಸ್ಕ್ರೀನ್ ತಿರುಗಿಸಿದಳು. ಮೆಟಾಕ್ಲಾಸಿನ ಬದಲಿಗೆ ಹನ್ನೊಂದು ಸಾಲಿನ ಫಂಕ್ಷನ್ ಬರೆದು, ತನಗೇ ಏನೋ ಅರ್ಥವಾಗಿಲ್ಲವೆಂದುಕೊಂಡು ವಾರದಿಂದ ಮುಚ್ಚಿಟ್ಟಿದ್ದಳು. ಅದು ಕಂಪನಿಯ ಪ್ರೋಗ್ರಾಮಿನೊಳಗೆ ಹೋಗಲು ಇವನ ಒಪ್ಪಿಗೆಯೊಂದೇ ಬಾಕಿ.

ಹೊಸ ಕೋಡ್ ಸರಿಯಿದೆಯೇ ಎಂದು ನೋಡುವ ಟೆಸ್ಟ್‌ಗಳನ್ನು ಅವನು ಓಡಿಸಿದ. ನಾನೂರ ಹನ್ನೆರಡರಲ್ಲಿ ಒಂದಾದರೂ ಫೇಲ್ ಆಗಲಿ ಎಂದು ಮಾನಬಿಟ್ಟು ಬೇಡಿಕೊಂಡ. ಎಲ್ಲವೂ ಪಾಸಾದವು.

"ನೌ ಎನಿವನ್ ಕ್ಯಾನ್ ಮೇಂಟೇನ್ ಇಟ್," ಹಂಸಿನಿಯ ಮುಖ ಅರಳಿತ್ತು.

"ಹೌದಮ್ಮಾ, ಯಾರು ಬೇಕಾದ್ರೂ," ಎಂದು ದಿವಾಕರ ಅಪ್ರೂವ್ ಒತ್ತಿದ.