ಹುಳುಮನೆಗೆ ತಂದ ಬ್ಯಾಟರಿ

ಜಂಗಮಕೋಟೆಯ ಮುನಿಗಂಗಪ್ಪನವರ ರೇಷ್ಮೆ ಹುಳುಮನೆ ನಡೆಯುತ್ತಿದ್ದದ್ದು ದೊಡ್ಡ ಮಗಳು ಲಾವಣ್ಯಳ ಕೈಮೇಲೆ. ಸೊಪ್ಪು ಹಾಕುವುದು, ಹುಳು ಜ್ವರಕ್ಕೆ ಕೂತು ಪೊರೆ ಬಿಡುವಾಗ ಸೊಪ್ಪು ನಿಲ್ಲಿಸುವುದು, ಸೆಕೆ ಏರಿದರೆ ಗೋಣಿತಾಟು ನೆನೆಸಿ ಕಿಟಕಿಗೆ ಕಟ್ಟುವುದು, ಎಲ್ಲ ಅವಳದೇ. ಅದಕ್ಕಾಗಿ ಯಾರೂ ಅವಳನ್ನು ಬಾಯಿಬಿಟ್ಟು ಹೊಗಳಿರಲಿಲ್ಲ. ತಂಗಿ ತನುಜ ಒಂದು ಪೆಟ್ಟಿಗೆ ತಂದಿಡುವವರೆಗೆ ಅವಳಿಗೂ ಅದೊಂದು ಕೊರತೆ ಅನ್ನಿಸಿರಲಿಲ್ಲ.

ತನುಜ ಚಿಂತಾಮಣಿಯಲ್ಲಿ ಪಾಲಿಟೆಕ್ನಿಕ್ ಮೇಡಂ. ಒಂದೇ ಬೋರ್ಡಿನ, ಅಂಗೈಯಗಲದ ಕಂಪ್ಯೂಟರನ್ನು ಪೆಟ್ಟಿಗೆಯಲ್ಲಿ ಕೂರಿಸಿ ಹುಳುಮನೆಯ ಗೋಡೆಗೆ ಜಡಿದಿದ್ದಳು. ಒಳಗಿನ ಶಾಖ ಏರಿದರೆ ಅದು ಅಪ್ಪನ ಫೋನಿಗೆ ಕರೆ ಮಾಡುತ್ತಿತ್ತು. ಪೆರೇಸಂದ್ರದಿಂದ ಬಂದ ನೆಂಟರಿಗೆ ಮುನಿಗಂಗಪ್ಪ ಅದನ್ನು ತೋರಿಸಿ, "ನಮ್ಮ ತನು ಮಾಡಿರೋದು ಕಣಪ್ಪ. ಇನ್ಮೇಲೆ ಹುಳ ಕಾಯಕ್ಕೆ ಮನುಷ್ಯರೇ ಬೇಕಾಗಿಲ್ಲ" ಎಂದರು. ಆಗ ಲಾವಣ್ಯ ಸೊಪ್ಪಿನ ಹೊರೆ ಹೊತ್ತು ಬಾಗಿಲಲ್ಲೇ ನಿಂತಿದ್ದಳು. ದಾರಿ ಬಿಡಿ ಎಂದು ಕೇಳಬೇಕಾಯಿತು.

ಪೆಟ್ಟಿಗೆಗೆ ಒಂದೇ ತೊಂದರೆ. ಕರೆಂಟ್ ಹೋದರೆ ಅದೂ ಆರಿಹೋಗುತ್ತಿತ್ತು. ಹಾಗೆ ಆರಿ ಆರಿ ಒಳಗಿನ ಮೆಮೊರಿ ಕಾರ್ಡ್ ಒಮ್ಮೆ ಕೆಟ್ಟಿತ್ತು. ಬ್ಯಾಟರಿ ಹಾಕಬೇಕು, ಶಿಡ್ಲಘಟ್ಟದ ರಮೇಶ್‌ಬಾಬು ಅಂಗಡಿಯಲ್ಲಿ ಸಿಗುತ್ತದೆ, ತಂದುಬಿಡು ಎಂದು ತನುಜ ಅಕ್ಕನಿಗೆ ಫೋನ್ ಮಾಡಿ ಹೇಳಿದಳು.

ರಮೇಶ್‌ಬಾಬು ಎರಡು ತೋರಿಸಿದರು. ಒಂದು, ಮೊಬೈಲಿಗೆ ಬಳಸುವ ಪವರ್ ಬ್ಯಾಂಕ್. ಕರೆಂಟ್ ಹೋದ ಗಳಿಗೆ ಅದು ಒಂದಿಷ್ಟೇ ತಡವರಿಸುತ್ತದೆ, ಫೋನಿಗೆ ಅದು ಲೆಕ್ಕಕ್ಕಿಲ್ಲ, ಈ ಕಂಪ್ಯೂಟರ್ ಮಾತ್ರ ಅಷ್ಟಕ್ಕೇ ಆರಿಹೋಗುತ್ತದೆ ಎಂದರು. ಇನ್ನೊಂದು, ಕಂಪ್ಯೂಟರಿನ ಅಡಿಗೇ ಕೂರುವ ಎರಡು ಸೆಲ್ಲಿನ ಬೋರ್ಡು. ಅದು ತಡವರಿಸುವುದಿಲ್ಲ. ಚಾರ್ಜು ಮುಗಿಯುತ್ತ ಬಂದರೆ ಮೊದಲೇ ತಿಳಿಸಿ, ಕಂಪ್ಯೂಟರ್ ಸರಿಯಾಗಿ ಮುಚ್ಚಿಕೊಳ್ಳುವಂತೆ ಮಾಡುತ್ತದೆ. ಲಾವಣ್ಯ ಎಲ್ಲವನ್ನೂ ಕೇಳಿದಳು, ಎಲ್ಲವೂ ಅರ್ಥವಾಯಿತು. ನೆಂಟರ ಮುಂದೆ ಅಪ್ಪ ಆಡಿದ ಮಾತು ನೆನಪಾಯಿತು. ಪವರ್ ಬ್ಯಾಂಕನ್ನೇ ಕೊಡಿ ಎಂದಳು. ಮನೆಗೆ ಬಂದು ತಾನೇ ಅದನ್ನು ಪೆಟ್ಟಿಗೆಗೆ ಜೋಡಿಸಿದಳು.

ಆ ವಾರವೇ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಫ್ಯಾನುಗಳ ಜೊತೆಗೆ ಪೆಟ್ಟಿಗೆಯ ದೀಪವೂ ಆರಿತು. ಪೆಟ್ಟಿಗೆ ಕೂಗುತ್ತದೆಂದು ನಂಬಿ ಮುನಿಗಂಗಪ್ಪ ಚಿಕ್ಕಬಳ್ಳಾಪುರಕ್ಕೆ ಹೋಗಿದ್ದರು. ಲಾವಣ್ಯ ಕಾದಿದ್ದು ಇದಕ್ಕೇ. ಕಿಟಕಿಗಳನ್ನು ತೆರೆದಳು, ತಾಟುಗಳನ್ನು ನೆನೆಸಿ ಕಟ್ಟಿದಳು, ಚಾವಣಿಯ ಶೀಟಿನ ಮೇಲೆ ನೀರು ಹೊಡೆದಳು. ಒಂದು ಹುಳವೂ ಸಾಯಲಿಲ್ಲ. ಅಪ್ಪ ಬಂದು ಇದನ್ನು ನೋಡಲಿ ಎಂದುಕೊಂಡಳು.

ಅಪ್ಪ ಬಂದವರು ಮೊದಲು ಪೆಟ್ಟಿಗೆಯ ಮುಂದೆ ಹೋಗಿ ನಿಂತರು. ಕರೆಂಟ್ ಬಂದಿದ್ದರೂ ಯಾಕೆ ಆರಿದೆ, ತನುಗೆ ಫೋನ್ ಮಾಡು ಎಂದರು.

ಸಂಜೆ ಬಸ್ಸಿಗೆ ತನುಜ ಬಂದು ಪೆಟ್ಟಿಗೆ ಬಿಚ್ಚಿದಳು. ಕಾರ್ಡ್ ಮತ್ತೆ ಕೆಟ್ಟಿತ್ತು. ಪವರ್ ಬ್ಯಾಂಕ್ ಕಂಡು, ತಪ್ಪು ತನ್ನದೇ, ಸರಿಯಾಗಿ ಬಿಡಿಸಿ ಹೇಳಬೇಕಿತ್ತು ಎಂದಳು. ಮುನಿಗಂಗಪ್ಪ ದೊಡ್ಡ ಮಗಳ ಬೆನ್ನು ಸವರುತ್ತ ತನುಜಳಿಗೆ, "ಹೋಗ್ಲಿ ಬಿಡಮ್ಮ, ಇದೆಲ್ಲ ಅವಳಿಗೆ ಎಲ್ಲಿ ಗೊತ್ತಾಗ್ಬೇಕು" ಎಂದರು.

ಬೈದಿದ್ದರೆ ಲಾವಣ್ಯ ತಡೆದುಕೊಳ್ಳುತ್ತಿದ್ದಳೇನೋ. ಆ ಕರುಣೆಯನ್ನು ತಡೆಯಲಾಗಲಿಲ್ಲ.

"ನಂಗೆ ಗೊತ್ತಿತ್ತು" ಎಂದಳು. "ಎರಡು ಸೆಲ್ಲಿಂದು ತರ್ಬೇಕು ಅಂತ ಗೊತ್ತಿತ್ತು. ಬೇಕು ಅಂತಲೇ ಇದನ್ನ ತಂದೆ."

ಪವರ್ ಬ್ಯಾಂಕ್ ಏಕೆ ಸಾಲದು, ಇನ್ನೊಂದು ಹೇಗೆ ಕೆಲಸ ಮಾಡುತ್ತದೆ ಎಂದು ಒಂದೂ ಬಿಡದೆ ಹೇಳಿದಳು. ಮುನಿಗಂಗಪ್ಪನವರ ಕೈ ಅವಳ ಬೆನ್ನಿನಿಂದ ಜಾರಿತು. ತನುಜ ತಿರುಪುಮೊಳೆಗಳನ್ನು ಒಂದೊಂದಾಗಿ ಎತ್ತಿಟ್ಟು, "ಯಾಕಕ್ಕ?" ಎಂದಳು.

"ನಾನು ಇಷ್ಟ್ ವರ್ಷ ಮಾಡಿದ್ದು ಯಾರ ಕಣ್ಣಿಗೂ ಬೀಳ್ಲಿಲ್ಲ. ನಿಂದು ಒಂದೇ ದಿನಕ್ಕೆ ಬಿತ್ತು."

ಆ ರಾತ್ರಿ ತನುಜ ಅಕ್ಕನ ಪಕ್ಕ ಮಲಗದೆ ನಡುಮನೆಯಲ್ಲಿ ಚಾಪೆ ಹಾಸಿಕೊಂಡಳು. ಬೆಳಿಗ್ಗೆ ಕಾಫಿ ಕುಡಿದು, ಶಿಡ್ಲಘಟ್ಟಕ್ಕೆ ಹೋಗುತ್ತೇನೆ, ಬೇಕಿದ್ದರೆ ಬಾ ಎಂದಷ್ಟೇ ಹೇಳಿದಳು. ಲಾವಣ್ಯ ಹಿಂದೆಯೇ ಹೊರಟಳು. ಅಂಗಡಿಯಲ್ಲಿ, ಆ ಬೋರ್ಡು ಎಷ್ಟು ಹೊತ್ತು ತಡೆಯುತ್ತದೆ, ಶಾಖಕ್ಕೆ ಸೆಲ್ಲು ಉಬ್ಬುವುದಿಲ್ಲವೇ ಎಂದು ಲಾವಣ್ಯ ಕೇಳುತ್ತ ಹೋದಳು. ಕೊನೆಯ ಪ್ರಶ್ನೆ ತನುಜಳಿಗೂ ಹೊಳೆದಿರಲಿಲ್ಲ. ಪೆಟ್ಟಿಗೆಗೆ ಗಾಳಿಗಿಂಡಿ ಕೊರೆಯಿರಿ ಎಂದರು ರಮೇಶ್‌ಬಾಬು.

ಮನೆಗೆ ಬಂದು ಜೋಡಿಸಿ, ಮೇನ್ ಸ್ವಿಚ್ ಆರಿಸಿ ನೋಡಿದರು. ಫ್ಯಾನುಗಳು ನಿಂತವು, ಪೆಟ್ಟಿಗೆಯ ದೀಪ ಮಾತ್ರ ಹಾಗೆಯೇ ಉರಿಯುತ್ತಿತ್ತು. ಪೆಟ್ಟಿಗೆಗೆ ಸಿಕ್ಕಿಸಿದ ಕೀಬೋರ್ಡಿನ ಮೇಲೆ ತನುಜಳ ಬೆರಳು ಓಡುವುದನ್ನು ಕಂಡು ಲಾವಣ್ಯಳಲ್ಲಿ ಅದೇ ಹಳೆಯ ಅಸೂಯೆ ಎದ್ದಿತು. ಈ ಸಲ ಅವಳು ಸುಮ್ಮನಿರಲಿಲ್ಲ.

"ಫೋನು ನಂಗೆ ಬರ್ಲಿ" ಎಂದಳು. "ಯಾವ ಶಾಖಕ್ಕೆ ಕೂಗ್ಬೇಕು ಅನ್ನೋದೂ ನಾನೇ ಹೇಳ್ತೀನಿ."

ತನುಜಳ ಮುಖ ಬಿಗಿಯಿತು. ತಾನು ಕಟ್ಟಿದ್ದನ್ನು ಬಿಟ್ಟುಕೊಡಲು ಅವಳಿಗೂ ಮನಸ್ಸಿರಲಿಲ್ಲ. ಆದರೂ ಕೀಬೋರ್ಡನ್ನು ಅಕ್ಕನ ಕಡೆಗೆ ತಳ್ಳಿದಳು.

"ನಂಬರು, ಶಾಖ ಎರಡೂ ನೀನೇ ಹಾಕು" ಎಂದಳು.