ಇದು ಹಿಡ್ಕೊಳ್ಳಿ, ಬಂದೆ

"ಎಳೀಬೇಡಿ ಅತ್ತೆ, ಕಿತ್ತೋಗತ್ತೆ!" ಎನ್ನುತ್ತ ಮಗಳು ಮಂಚದ ಆ ಬದಿಗೆ ಓಡಿ ಬಗ್ಗಿದಳು.

ಬ್ಯಾಗಿನ ಪಟ್ಟಿ ಮಂಚದ ಸರಳಿಗೆ ಎರಡು ಸುತ್ತು ಸುತ್ತಿ ಗಂಟು ಬಿದ್ದಿತ್ತು. ಬಿದ್ದಿತ್ತೇನು, ಅಮ್ಮನೇ ಹಾಕಿದ ಗಂಟು. ಹಾಸಿಗೆ ಹಿಡಿದ ಮೂರು ತಿಂಗಳೂ ಆ ಕಂದು ಬ್ಯಾಗು ಅವಳ ದಿಂಬಿನ ಪಕ್ಕದಿಂದ ಕದಲಲಿಲ್ಲ. ನರ್ಸು ಬಿ.ಪಿ. ನೋಡಲು ಬಂದರೆ ಬಲಗೈ ಚಾಚುತ್ತಿದ್ದಳು. ಎಡಗೈ ಬ್ಯಾಗಿಗೆ ಮೀಸಲು. ನಿನ್ನೆ ಸಂಜೆ ಉಸಿರು ನಿಂತ ಮೇಲೆ ಅವಳನ್ನು ನಡುಮನೆಗೆ ತಂದು ಮಲಗಿಸಿದ್ದರು. ಬ್ಯಾಗು ಮಾತ್ರ ಖಾಲಿ ಮಂಚಕ್ಕೆ ಜೋತುಬಿದ್ದುಕೊಂಡೇ ಇತ್ತು.

"ಅದೇನು ನಿಧಿ ಬಚ್ಚಿಟ್ಟಿದ್ದಾಳೋ ಮಹಾತಾಯಿ," ಎಂದರು ಅತ್ತೆ, ಅಪ್ಪನ ಅಕ್ಕ. "ಬೇಗ ಬಿಚ್ಚೇ. ಸ್ಮಶಾನದಲ್ಲಿ ಗುರುತಿನ ಕಾರ್ಡು ಕೇಳ್ತಾರಂತೆ. ನಿಮ್ಮ ದೊಡ್ಡಪ್ಪ ಆಗಲೇ ಮೂರು ಸಲ ಕೂಗಾಡಿದ್ದಾಯ್ತು."

ಗಂಟು ಉಗುರಿಗೆ ಬಗ್ಗಲಿಲ್ಲ. ಮಗಳು ಹಲ್ಲು ಹಾಕಿ ಬಿಡಿಸಿದಳು. ಒಳಗೆ ಕಾರ್ಡು ಇತ್ತು. ಜೊತೆಗೆ ಅರ್ಧ ಪೊಟ್ಟಣ ಬಿಸ್ಕತ್ತು, ಗಾಯಕ್ಕೆ ಅಂಟಿಸುವ ಪಟ್ಟಿ, ಕೂದಲಿಗೆ ಹಾಕುವ ಬಣ್ಣದ ರಬ್ಬರ್ ಬ್ಯಾಂಡು, ಯಾವುದೋ ಮಗುವಿನ ಒಂಟಿ ಕಾಲುಚೀಲ. ಶಾಲೆ ಬಸ್ಸಿನಲ್ಲಿ ಇಪ್ಪತ್ತೆರಡು ವರ್ಷ ಆಯಾ ಆಗಿದ್ದವಳ ನಿಧಿ ಅಂದರೆ ಇಷ್ಟೇ. ಅತ್ತೆ ಇಣುಕಿ ನೋಡಿ, ಏನೂ ಸಿಗದವರ ಮುಖ ಮಾಡಿಕೊಂಡು ಹೊರಗೆ ಹೋದರು. ಮಗಳು ಬ್ಯಾಗನ್ನು ಅಮ್ಮ ಹಾಕಿಕೊಳ್ಳುತ್ತಿದ್ದ ಹಾಗೆ ಹೆಗಲಿಗೆ ಅಡ್ಡವಾಗಿ ಹಾಕಿಕೊಂಡಳು.

ಸಾವಿನ ಮನೆಯಲ್ಲಿ ಮೊದಲು ಅಳು, ಆಮೇಲೆ ಟೀ, ಆಮೇಲೆ ಹಳೇ ಕತೆ. ಮಗಳು ನಡುಮನೆಗೆ ಬರುವಷ್ಟರಲ್ಲಿ ಅತ್ತೆ ಬಾಡಿಗೆ ಕುರ್ಚಿಯಲ್ಲಿ ಕೂತು ಹಳೇ ಕತೆಗೆ ಬಂದಿದ್ದರು. ಯಾವ ಕತೆ ಎಂದು ಕೇಳದೆಯೇ ಗೊತ್ತು.

"ನಾವು ಇವಳಿಗೆ ಬಂಕಮ್ಮ ಅಂತ ಯಾಕೆ ಹೆಸರಿಟ್ವಿ ಗೊತ್ತಾ?" ಪಕ್ಕದ ಮನೆಯ ಟೈಲರ್ ಹೆಂಗಸಿನ ಕೈ ಅತ್ತೆಯ ಕೈಯಲ್ಲಿ ಸಿಕ್ಕಿಕೊಂಡಿತ್ತು. "ರಜಕ್ಕೆ ಎಲ್ಲಾ ಸೇರಿ ಸಮುದ್ರಕ್ಕೆ ಹೋಗಿದ್ವಿ. ದಾರೀಲಿ ಪೆಟ್ರೋಲ್ ಬಂಕ್. ಇವಳು ಬಾತ್‌ರೂಮಿಗೆ ಹೋದ್ಲು. ನಾವು ವ್ಯಾನ್ ಹತ್ತಿದ್ವಿ, ಹೊರಟ್ವಿ. ಅರ್ಧ ದಾರಿ ಆದ್ಮೇಲೆ ಈ ಪುಟ್ಟಿ ನಿದ್ದೆಯಿಂದ ಎದ್ದು ಅಮ್ಮಾ ಅಂತ ಕಿರುಚ್ಕೊಂತು. ವಾಪಸ್ ಹೋಗಿ ನೋಡಿದ್ರೆ ಬಂಕಿನ ಕಂಬಕ್ಕೆ ಒರಗಿ ನಿಂತಿದ್ದಾಳೆ, ಪೆಟ್ರೋಲ್ ಹಾಕೋಳ ಥರ!"

ಟೈಲರ್ ಹೆಂಗಸು ನಗಬೇಕೋ ಬಿಡಬೇಕೋ ತಿಳಿಯದೆ ಹೆಣದ ಕಡೆ ನೋಡಿದಳು.

ಈ ಕತೆ ಮಗಳಿಗೆ ಬಾಯಿಪಾಠ. ಹುಟ್ಟುಹಬ್ಬವಿರಲಿ, ಮದುವೆಯಿರಲಿ, ಊಟದ ಹೊತ್ತಿಗೆ ಇದು ಬಂದೇ ಬರುತ್ತಿತ್ತು. ಅಮ್ಮ ಎಲ್ಲರಿಗಿಂತ ಮೊದಲೇ ನಕ್ಕು ಮುಗಿಸಿ ಪಾತ್ರೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

"ಇನ್ನೂ ತಮಾಷೆ ಕೇಳಿ," ಅತ್ತೆ ದನಿ ಇಳಿಸಿದರು, ಆದರೂ ಇಡೀ ಕೋಣೆಗೆ ಕೇಳಿಸಿತು. "ಅವಳ ಬ್ಯಾಗು ಇವನ ತೊಡೆ ಮೇಲೇ ಇತ್ತು! ಅದನ್ನ ತಬ್ಬಿಕೊಂಡು ಕೂತಿದ್ದಾನೆ ಪುಣ್ಯಾತ್ಮ, ಹೆಂಡ್ತಿ ಇಲ್ಲ ಅನ್ನೋ ಪರಿವೆಯೇ ಇಲ್ಲ!"

ಇದು ಹೊಸದು. ನೂರು ಸಲ ಹೇಳಿದ ಕತೆಯಲ್ಲಿ ಬ್ಯಾಗು ಒಂದು ಸಲವೂ ಬಂದಿರಲಿಲ್ಲ. ಕೇಳಲು ಅಮ್ಮ ಎದುರಿಗೇ ಇರುತ್ತಿದ್ದಳಲ್ಲ, ಅದಕ್ಕೇ ಇರಬೇಕು. ಮಗಳು ಅಪ್ಪನತ್ತ ತಿರುಗಿದಳು. ಅಪ್ಪ ಕೈಯಲ್ಲಿದ್ದ ಟೀ ಲೋಟ ಹಿಡಿದುಕೊಂಡು ಎದ್ದು ಹಿತ್ತಲಿಗೆ ಹೋದ.

*

ಆಗ ಮಗಳಿಗೆ ಐದು ವರ್ಷ. ತನಗೇ ನೆನಪಿರುವುದು ಕಾಲಿಗಂಟಿದ ಮರಳು ಮತ್ತು ಹಳದಿ ಅಂಗಿ, ಎರಡೇ. ಉಳಿದದ್ದು ಅಲ್ಲಿಷ್ಟು ಇಲ್ಲಿಷ್ಟು ಕೇಳಿ ಸೇರಿಸಿಕೊಂಡದ್ದು.

ಸಮುದ್ರದ ಹತ್ತಿರ ನಾಲ್ಕು ದಿನಕ್ಕೆ ಒಂದು ಮನೆ ಹಿಡಿದಿದ್ದರು. ಹೋದ ಬೆಳಗ್ಗೆಯೇ ಅಜ್ಜಿ, ಅಂದರೆ ಅಪ್ಪನ ತಾಯಿ, ಒಂದು ರಟ್ಟಿನ ಪೆಟ್ಟಿಗೆ ಬಿಚ್ಚಿದರು. ಒಳಗೆ ಹಳದಿ ಟೀ ಶರ್ಟು, ಬೆನ್ನ ಮೇಲೆ ಮನೆತನದ ಹೆಸರು. ದೊಡ್ಡಪ್ಪನಿಗೆ ಇತ್ತು, ದೊಡ್ಡಮ್ಮನಿಗೆ ಇತ್ತು, ಅತ್ತೆಯ ಗಂಡನಿಗೂ ಇತ್ತು. ಮಗಳಿಗೂ ಒಂದು ಇತ್ತು, ಮೊಣಕಾಲಿನ ತನಕ ಇಳಿಯುವಂಥದ್ದು. ಒಟ್ಟು ಹನ್ನೊಂದು. ಹೋದವರು ಹನ್ನೆರಡು ಜನ.

"ನಿನ್ನ ಅಳತೆ ಗೊತ್ತಿರಲಿಲ್ಲಮ್ಮ," ಎಂದರಂತೆ ಅಜ್ಜಿ. ಏಳು ವರ್ಷ ಒಂದೇ ಸೂರಿನಡಿ ಇದ್ದ ಸೊಸೆಯ ಅಳತೆ! ದೊಡ್ಡಮ್ಮ ಅಜ್ಜಿಯೇ ನೋಡಿ ತಂದ ಸೊಸೆ. ಅಮ್ಮನನ್ನು ಅಪ್ಪ ಇಷ್ಟಪಟ್ಟು, ಮನೆಯವರೊಡನೆ ಜಗಳವಾಡಿ ಕರೆದುಕೊಂಡು ಬಂದದ್ದು. ಅಪ್ಪ ಜೀವಮಾನದಲ್ಲಿ ಆಡಿದ್ದು ಅದೊಂದೇ ಜಗಳ. ಅಲ್ಲಿಗೆ ಅವನ ದಮ್ಮು ಮುಗಿದಿತ್ತು.

ಎಲ್ಲರೂ ನೀರಿಗಿಳಿದಾಗ ಚಪ್ಪಲಿ ಕಾಯಲು ಒಬ್ಬರು ಬೇಕಲ್ಲ ಎಂದರು, ಅಮ್ಮ ಕೂತಳು. ಇಸ್ಪೀಟಿಗೆ ಕರೆಯಲಿಲ್ಲ, ಜೋಡಿ ಸರಿಹೋಗಲ್ಲ ಎಂದರು. ಹನ್ನೆರಡು ಜನಕ್ಕೆ ಜೋಡಿ ಹೇಗೆ ಸರಿಹೋಗುವುದಿಲ್ಲ ಎಂದು ಯಾರೂ ಕೇಳಲಿಲ್ಲ. ಜಗಲಿಯಲ್ಲಿ ದೊಡ್ಡಪ್ಪ, ಅತ್ತೆ, ಅಪ್ಪ ಕೂತು ಹೊಟ್ಟೆ ಹಿಡಿದುಕೊಂಡು ನಗುವಾಗ ಅಮ್ಮ ಟೀ ತಂದರೆ ನಗು ನಿಲ್ಲುತ್ತಿತ್ತು. "ಏನು ವಿಷಯ?" ಎಂದರೆ, "ಏನಿಲ್ಲ ಬಿಡು, ನಮ್ಮನೇದು." ಅಮ್ಮ ಅಪ್ಪನ ಮುಖ ನೋಡುತ್ತಿದ್ದಳು. ಅಪ್ಪ ಲೋಟದೊಳಗೆ ನೋಡುತ್ತಿದ್ದ.

ಮೂರನೆಯ ದಿನ ಮತ್ತೆ ಹಳದಿ ಅಂಗಿ ತೊಟ್ಟು, ದೋಣಿಯಲ್ಲಿ ಹೋಗುವುದೆಂದು ಹೊರಟರು. ಬಂಕಿನಲ್ಲಿ ನಿಲ್ಲಿಸಿದ್ದು ಆಗಲೇ.

*

ಹಿತ್ತಲಿನ ನಲ್ಲಿಯ ಕೆಳಗೆ ಅಪ್ಪ ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದ. ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವ ಕೆಲಸದಿಂದ ನಿವೃತ್ತನಾದವನು. ಇಷ್ಟು ವರ್ಷದಲ್ಲಿ ಒಂದು ಅಂಕಿ ತಪ್ಪಿ ಬರೆದಿಲ್ಲ ಎಂದು ಅವನ ಹೆಮ್ಮೆ.

"ಅವತ್ತು ವ್ಯಾನಲ್ಲಿ ಎಣಿಸಿದ್ದು ಯಾರಪ್ಪ?"

"ಯಾವತ್ತು?"

"ಯಾವತ್ತು ಅಂತ ನಿಂಗೆ ಚೆನ್ನಾಗಿ ಗೊತ್ತು."

ಅಪ್ಪ ಲೋಟ ಬೋರಲು ಹಾಕಿದ. "ನಾನೇ. ಅಣ್ಣ ಎಣಿಸು ಅಂದ. ಹಿಂದೆ ತಿರುಗಿ ಹಳದಿ ಅಂಗಿ ಎಣಿಸ್ದೆ. ಹನ್ನೊಂದೂ ಇತ್ತು. ಸರಿ, ಹೊರಡಿ ಅಂದೆ."

"ಬ್ಯಾಗು?"

"ಇಳಿಯೋವಾಗ ಕೊಟ್ಟಳು. ‘ಇದು ಹಿಡ್ಕೊಳ್ಳಿ, ಬಂದೆ’ ಅಂದ್ಲು. ಇಸ್ಕೊಂಡೆ."

"ತೊಡೆ ಮೇಲಿದ್ದಿದ್ದು ಕಣ್ಣಿಗೆ ಕಾಣಿಸಲಿಲ್ವಾ?"

ಇಲ್ಲ ಎಂದುಬಿಟ್ಟಿದ್ದರೆ ಮಗಳು ನಂಬಿಬಿಡುತ್ತಿದ್ದಳು. ನಂಬಲು ಸಿದ್ಧಳಾಗಿಯೇ ಬಂದಿದ್ದಳು.

"ಕಾಣಿಸ್ತು," ಎಂದ ಅಪ್ಪ. "ಹತ್ತು ನಿಮಿಷಕ್ಕೇ. ಹತ್ತೂ ಆಗಿರಲಿಲ್ಲವೇನೋ."

"ಮತ್ತೆ?"

"ದೋಣಿಗೆ ಟೈಮ್ ಆಗ್ತಿತ್ತು ಕಣೇ. ಬೆಳಗ್ಗೆಯಿಂದ ಅವಳಿಂದಲೇ ಲೇಟು ಅಂತ ಅಣ್ಣ ಗೊಣಗ್ತಿದ್ದ. ನಮ್ಮಮ್ಮ ಬೇರೆ ಮುಖ ಊದಿಸ್ಕೊಂಡಿದ್ರು. ಈಗ ಹೇಳೋಣ, ಆಗ ಹೇಳೋಣ ಅಂತ... ಎಲ್ಲಾ ಹಾಡು ಹಾಕ್ಕೊಂಡು ಖುಷಿಯಾಗಿದ್ರು. ಬಾಯೇ ಬರಲಿಲ್ಲ. ಇನ್ನೇನು ಹೇಳ್ಬೇಕು, ಅಷ್ಟರಲ್ಲಿ ನೀನು ಎದ್ದೆ."

"ಎಷ್ಟು ಹೊತ್ತಾಗಿತ್ತು?"

"ಮುಕ್ಕಾಲು ಗಂಟೆ."

"ನಾನು ಏಳದೇ ಇದ್ದಿದ್ರೆ?"

ನಲ್ಲಿ ತೊಟ್ಟಿಕ್ಕುತ್ತಿತ್ತು. ಅಪ್ಪ ಅದನ್ನು ಗಟ್ಟಿಯಾಗಿ ತಿರುಪಿದ. ಆಮೇಲೆ, "ನಿಮ್ಮಮ್ಮಂಗೆ ಇದು ಗೊತ್ತಿಲ್ಲ," ಎಂದ. "ಮರೆತೇಹೋಯ್ತು ಅಂದೆ. ನಕ್ಕುಬಿಟ್ಟಳು. ಅವತ್ತಿಂದ ಇವತ್ತಿನವರೆಗೆ ಒಂದು ಮಾತು ಕೇಳಲಿಲ್ಲ. ಒಳ್ಳೆಯವಳು."

ಮಗಳಿಗೆ ಮೈಯೆಲ್ಲ ಉರಿದುಹೋಯಿತು. ನಕ್ಕಳಂತೆ! ವ್ಯಾನಿನ ಬಾಗಿಲು ತೆರೆದಾಗ ಅಮ್ಮ ಮೊದಲು ಕಂಡದ್ದು ಗಂಡನ ತೊಡೆಯ ಮೇಲೆ ಕೂತಿದ್ದ ತನ್ನ ಬ್ಯಾಗನ್ನೇ ಅಲ್ಲವೇ? ಅದಾದ ಮೇಲೆ ಅವಳು ಆ ಬ್ಯಾಗನ್ನು ಯಾರ ಕೈಗೂ ಕೊಟ್ಟದ್ದಿಲ್ಲ. ಮದುವೆಮನೆಯಲ್ಲಿ ಫೋಟೊಗೆ ನಿಲ್ಲುವಾಗ ಕೊಡಲಿಲ್ಲ, ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ ಕೊಡಲಿಲ್ಲ. "ಕೊಡಮ್ಮ, ನಾನು ಹಿಡ್ಕೊಂಡಿರ್ತೀನಿ," ಎಂದು ಮಗಳೇ ಎಷ್ಟು ಸಲ ಕೈ ಚಾಚಿದ್ದಾಳೋ. "ಇರಲಿ ಬಿಡು, ಭಾರ ಏನಿಲ್ಲ." ಇದೆಂಥ ಜಿಪುಣತನ ಎಂದು ಮಗಳೂ ಎಲ್ಲರ ಜೊತೆ ಸೇರಿ ನಕ್ಕಿದ್ದಳು.

*

ಬೀದಿಯಲ್ಲಿ ಮೂರು ಗಾಡಿ ನಿಂತಿದ್ದವು. ಮುಂದೆ ಆಂಬುಲೆನ್ಸ್, ಅದರ ಹಿಂದೆ ಮನೆಯವರಿಗೆ ಬಾಡಿಗೆ ವ್ಯಾನು, ಕೊನೆಗೆ ಶಾಲೆಯ ಬಸ್ಸು. ಬಸ್ಸಿನ ಡ್ರೈವರ್ ಬಾಗಿಲ ಬಳಿ ಟೊಪ್ಪಿ ಕೈಯಲ್ಲಿ ಹಿಡಿದುಕೊಂಡಿದ್ದ. ಅಮ್ಮನ ಜೊತೆ ಮೊದಲ ದಿನದಿಂದ ಇದ್ದವನು. ಸಮುದ್ರದಿಂದ ಬಂದ ತಿಂಗಳಿಗೇ ಅಮ್ಮ ಈ ಕೆಲಸಕ್ಕೆ ಸೇರಿದ್ದಳು, ಅಜ್ಜಿ ಎಷ್ಟು ಬೇಡವೆಂದರೂ ಕೇಳದೆ.

"ಜಾಗ ಸಾಲದಿದ್ರೆ ಇರಲಿ ಅಂತ ಬಸ್ಸು ಕೇಳ್ಕೊಂಡು ಬಂದೆ ಮಗಳೇ," ಎಂದ. ಅವನ ಕಣ್ಣು ಅವಳ ಹೆಗಲ ಮೇಲೆ ನಿಂತಿತು. "ಅಯ್ಯೋ, ಅಕ್ಕನ ಬ್ಯಾಗು! ಒಂದ್ಸಲ, ಕೊಡಿ ಅಕ್ಕ, ನನ್ನ ಸೀಟಿನ ಹಿಂದೆ ನೇತುಹಾಕ್ತೀನಿ ಅಂದಿದ್ದೆ. ‘ಒಬ್ಬರಿಗೆ ಕೊಟ್ಟು ನೋಡಿ ಆಗಿದೆ’ ಅಂದ್ರು. ಯಾರಿಗೆ ಅಂತ ಹೇಳಲಿಲ್ಲ."

ಮಗಳು ಬ್ಯಾಗಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಗೊತ್ತಿತ್ತು ಹಾಗಾದರೆ. ಇಷ್ಟು ವರ್ಷ ಗೊತ್ತಿದ್ದೇ ನಕ್ಕಿದ್ದಳು.

"ಏನು ಹೇಳಿ, ಅಕ್ಕನ ಹಾಗೆ ಎಣಿಸೋರು ಇನ್ನೊಬ್ಬರಿಲ್ಲ," ಡ್ರೈವರ್ ಮೂಗು ಒರೆಸಿಕೊಂಡ. "ಬೆರಳು ತೋರಿಸಿ ಎಣಿಸಿದ್ರೆ ಒಪ್ತಿರಲಿಲ್ಲ. ಒಂದೊಂದು ತಲೇನೂ ಮುಟ್ಟಬೇಕು. ಕೊನೇ ಸೀಟಿನ ತನಕ ಹೋಗಿ, ಕೊನೆಗೆ ತನ್ನ ತಲೇನೂ ಮುಟ್ಕೊಂಡು ಅದನ್ನೂ ಎಣಿಸೋರು. ಮಕ್ಕಳು ಬಿದ್ದು ಬಿದ್ದು ನಗೋವು, ಬಸ್ಸಮ್ಮ ತನ್ನನ್ನೇ ಎಣಿಸ್ಕೋತಾರೆ ಅಂತ. ನೀವು ಇಲ್ಲೇ ಇದ್ದೀರಲ್ಲ ಅಕ್ಕಾ, ಯಾಕೆ ಅಂದೆ. ‘ಮತ್ತಿನ್ಯಾರು ಎಣಿಸ್ತಾರೆ?’ ಅಂದ್ರು. ಆಮೇಲೆ ಬಸ್ಸಿನ ಮೈಗೆ ಎರಡು ಏಟು, ರೈಟ್! ಆ ಏಟು ಬೀಳದೆ ನನ್ನ ಕಾಲು ಕ್ಲಚ್ ಬಿಡ್ತಿರಲಿಲ್ಲ."

ಒಳಗಿನಿಂದ ಅಮ್ಮನನ್ನು ಎತ್ತಿಕೊಂಡು ಬಂದರು.

*

ದೊಡ್ಡಪ್ಪನ ಇಬ್ಬರು ಗಂಡುಮಕ್ಕಳು ಆಂಬುಲೆನ್ಸಿನಲ್ಲಿ ಹೆಣದ ಜೊತೆ ಕೂತರು. ಅದು ಹೊರಟಿತು. "ಹತ್ರಪ್ಪ, ಹತ್ತಿ! ಹನ್ನೆರಡೂವರೆಗೆ ಟೈಮ್ ಕೊಟ್ಟಿದ್ದಾರೆ, ತಪ್ಪಿದ್ರೆ ಸಂಜೆವರೆಗೆ ಕಾಯ್ಬೇಕು," ಎಂದು ದೊಡ್ಡಪ್ಪ ವ್ಯಾನಿನ ಮುಂದಿನ ಸೀಟಿನಿಂದ ಗದರುತ್ತಿದ್ದರು. ಅಪ್ಪ ಅವರ ಹಿಂದೆ, ಕಿಟಕಿಯ ಪಕ್ಕ ಕೂತಿದ್ದ.

ಮಗಳು ಕಿಟಕಿಯ ಹತ್ತಿರ ಬಂದಳು. ಹೆಗಲಿನಿಂದ ಬ್ಯಾಗು ತೆಗೆದು ಒಳಗೆ ಚಾಚಿದಳು.

"ಇದು ಹಿಡ್ಕೊಳ್ಳಿ, ಬಂದೆ."

ಹುಟ್ಟಿದಾಗಿನಿಂದ ಅಪ್ಪನನ್ನು ನೀನು ಎಂದೇ ಕರೆದವಳು. ಅಪ್ಪ ಬೆಚ್ಚಿ ಅವಳ ಮುಖ ನೋಡಿದ. ಕೈ ಮಾತ್ರ ತಾನಾಗಿ ಮುಂದೆ ಬಂದು ಬ್ಯಾಗನ್ನು ಇಸಿದುಕೊಂಡಿತು.

ಅವಳು ವಾಪಸ್ ಹೋಗಿ ಮನೆಯ ಬಾಗಿಲು ಎಳೆದು ಬೀಗ ಹಾಕಿದಳು. ಹಾಕಲು ಎಷ್ಟು ಹೊತ್ತು ಬೇಕು, ಅರ್ಧ ನಿಮಿಷ. ಕೀಲಿ ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು. ಒಂದೇ ಒಂದು ಮಾತು ಹೇಳಲಿ, ‘ತಾಳಿ, ನನ್ನ ಮಗಳು ಬರಬೇಕು’ ಎನ್ನಲಿ, ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡುಬಿಡುತ್ತೇನೆ ಎಂದುಕೊಂಡಳು.

ವ್ಯಾನಿನೊಳಗಿಂದ ಅತ್ತೆಯ ದನಿ ಕೇಳಿಸಿತು. "...ಏಳು, ಎಂಟು, ಒಂಬತ್ತು. ಆಯ್ತು, ನಮ್ಮವರೆಲ್ಲ ಬಂದ್ರು."

"ಹೊರಡಪ್ಪಾ," ಎಂದರು ದೊಡ್ಡಪ್ಪ.

ಅಪ್ಪ ಅವಳನ್ನು ನೋಡಿದ. ನೋಡಲಿಲ್ಲ ಎನ್ನುವ ಹಾಗಿಲ್ಲ. ಕಣ್ಣಿಗೆ ಕಣ್ಣು ಕೂಡಿತ್ತು. ಬಾಯಿಯೂ ತೆರೆಯಿತು. ಅಷ್ಟರಲ್ಲಿ ದೊಡ್ಡಪ್ಪ ಹಿಂದೆ ತಿರುಗಿ ಏನು ಎನ್ನುವಂತೆ ಹುಬ್ಬು ಹಾರಿಸಿದರು. ಅಪ್ಪ ಏನಿಲ್ಲ ಎಂದು ತಲೆಯಾಡಿಸಿದ.

ವ್ಯಾನು ಹೊರಟಿತು. ಬೀದಿಯ ಕೊನೆಯಲ್ಲಿ ಅದರ ಹಿಂದಿನ ಕೆಂಪು ದೀಪ ಹೊತ್ತಿತು. ಮಗಳು ಒಂದು ಹೆಜ್ಜೆ ಮುಂದಿಟ್ಟಳು. ಅಲ್ಲೊಂದು ಹಂಪ್ ಇತ್ತು. ಅದನ್ನು ದಾಟಿ ವ್ಯಾನು ತಿರುವಿನಲ್ಲಿ ಮರೆಯಾಯಿತು.

"ಬನ್ನಿ ಮಗಳೇ," ಎಂದ ಡ್ರೈವರ್, ಬೇರೇನೂ ಕೇಳದೆ.

ಅವಳು ಬಸ್ಸು ಹತ್ತಿದಳು. ಟೈಲರ್ ಹೆಂಗಸು, ಅವಳ ಗಂಡ, ಶಾಲೆಯ ಇಬ್ಬರು ಆಯಾಗಳು, ಬೀದಿಯ ಇನ್ನೂ ಕೆಲವರು ಮಕ್ಕಳ ಸಣ್ಣ ಸೀಟುಗಳಲ್ಲಿ ಮೊಣಕಾಲು ಮಡಚಿಕೊಂಡು ಕೂತಿದ್ದರು. ಡ್ರೈವರ್ ಎಂಜಿನ್ ಶುರುಮಾಡಿದ. ಆದರೆ ಬಸ್ಸು ಕದಲಲಿಲ್ಲ. ಕನ್ನಡಿಯಲ್ಲಿ ಹಿಂದಕ್ಕೆ ನೋಡುತ್ತ ಕಾಯುತ್ತಿದ್ದ.

ಮಗಳು ಮೊದಲ ಸೀಟಿನಿಂದ ಶುರುಮಾಡಿದಳು. ಟೈಲರ್ ಹೆಂಗಸಿನ ತಲೆ ಮುಟ್ಟಿದಳು. ಒಂದು. ಅವಳ ಗಂಡನ ಬೋಳು ತಲೆ. ಎರಡು. ಯಾರೂ ನಗಲಿಲ್ಲ. ಕೊನೆಯ ಸೀಟಿನ ತನಕ ಹೋದಳು. ಹದಿಮೂರು.

ಆಮೇಲೆ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಹದಿನಾಲ್ಕು.

ಬಸ್ಸಿನ ಮೈಗೆ ಎರಡು ಏಟು ಹಾಕಿದಳು.

"ರೈಟ್."