ಕೊಂಕು ಬಳ್ಳಿಯ ಅಚ್ಚು

ಶಿರಾದ ಲಿಯಾಕತ್ ಅಲಿ ಬಟ್ಟೆಗೆ ಮರದ ಅಚ್ಚು ಒತ್ತಿ ಬದುಕಿದವನು. ಒಮ್ಮೆ ಮಧುಗಿರಿಯ ಬಂಗಲೆಯೊಂದಕ್ಕೆ ಪರದೆ ಕೊಡಲು ಹೋದಾಗ ಗೋಡೆಯ ಮೇಲಿನ ತೈಲಚಿತ್ರ ಕಣ್ಣಿಗೆ ಬಿತ್ತು. ಹೂದಾನಿ, ಅದರ ತುಂಬ ಬಾಡಲು ಹೊರಟ ಕೆಂಪು ಹೂಗಳು. ಮನೆಗೆ ಬಂದವನೇ ಊಟವನ್ನೂ ಮರೆತು ಅದನ್ನು ಅಚ್ಚಿನಲ್ಲಿ ಕೊರೆದ. ಚಿತ್ರದ ಮೂಲೆಯಲ್ಲಿ ಯಾರೋ ವಿಲಾಯತಿ ಚಿತ್ರಗಾರ ತನ್ನ ಹೆಸರು ಗೀಚಿದ್ದ. ಇಂಗ್ಲಿಷ್ ಬಾರದ ಲಿಯಾಕತ್ ಅದನ್ನೂ ಬಳ್ಳಿಯೆಂದೇ ತಿಳಿದ. ಬಳ್ಳಿಗೆ ಎಡವೇನು ಬಲವೇನು ಎಂದು ಕಂಡ ಹಾಗೇ ಕೊರೆದದ್ದರಿಂದ ಬಟ್ಟೆಯ ಮೇಲೆ ಅದು ತಿರುಗಾಮುರುಗಾ ಮೂಡಿತು. ಊರವರು ಕೊಂಕು ಬಳ್ಳಿ ಅಂದರು. ಆ ಬಳ್ಳಿ ಇದ್ದರೆ ಲಿಯಾಕತ್‌ನ ಬಟ್ಟೆ, ಬೇರೆ ಗುರುತೇ ಬೇಕಿರಲಿಲ್ಲ.

ಅವನ ಮೊಮ್ಮಗಳು ಜೈಬಾ ಟೈಲರ್. ಹಳೇ ಕಾಲದ ಬಟ್ಟೆಗೆ ಈಗ ಬಲು ಗಿರಾಕಿ ಎಂದು ಬಟ್ಟೆ ಅಂಗಡಿಯ ಪ್ರಸನ್ನ ಕುಮಾರ್ ಆ ಅಚ್ಚು ಕೇಳಿಕೊಂಡು ಬಂದಾಗ ಅವಳು ಹಾಕಿದ್ದು ಒಂದೇ ಷರತ್ತು. ಪ್ರತಿ ಬಟ್ಟೆಯ ಚೀಟಿಯ ಮೇಲೂ ತಾತನ ಹೆಸರು ಇರಬೇಕು. ಕಣ್ಣು ಮಂಜಾಗುತ್ತಿದ್ದ ಅಜ್ಜಿ ರಹಮತ್ ಬಿಗೆ ಗಂಡನ ಹೆಸರು ಅಚ್ಚಾದದ್ದನ್ನು ನೋಡುವ ಆಸೆ.

"ಹಾಕ್ದೆ ಇರ್ತೀನಾ ಅಕ್ಕ" ಎಂದು ಅವನು ಬೆಲ್ಲದಂತೆ ಮಾತಾಡಿ ಅಚ್ಚು ಒಯ್ದ.

ಮೂರು ತಿಂಗಳು ಸುದ್ದಿಯೇ ಇಲ್ಲ. ಜೈಬಾ ಬಸ್ಸು ಹತ್ತಿ ಕೊಡಿಗೇನಹಳ್ಳಿಯ ಹತ್ತಿರವಿದ್ದ ಅವನ ಶೆಡ್ಡಿಗೇ ಹೋದಳು. ಒಳಗೆ ಕಾಲಿಟ್ಟದ್ದೇ ತಡ, ಮೂಗು ಮುಚ್ಚಿಕೊಂಡಳು. ಡ್ರಮ್ಮುಗಳ ತುಂಬ ಕೊಳೆತ ಟೀ ನೀರು, ಅದರಲ್ಲಿ ಮೊನ್ನೆ ತಾನೇ ಅಚ್ಚೊತ್ತಿದ ಹೊಸ ಬಟ್ಟೆ ನೆನೆಯುತ್ತಿತ್ತು, ಹಳೇದರಂತೆ ಹಳದಿಗಟ್ಟಲಿ ಎಂದು. ಇಬ್ಬರು ಹೆಂಗಸರು ಇಟ್ಟಿಗೆ ಚೂರಿನಿಂದ ಬಟ್ಟೆ ಉಜ್ಜಿ ಸವೆಸುತ್ತಿದ್ದರು. ಇನ್ನೊಬ್ಬಳು ಊದುಬತ್ತಿಯಿಂದ ಅಲ್ಲಲ್ಲಿ ತೂತು ಸುಡುತ್ತಿದ್ದಳು. ಮೇಲೆ ಥಳುಕು ಒಳಗೆ ಹುಳುಕು ಅನ್ನುವುದು ಗಾದೆ. ಥೂ, ಇಲ್ಲಿ ಮೇಲೂ ಹುಳುಕೇ.

ಒಣಗಿದ ಬಟ್ಟೆಯೊಂದರ ಚೀಟಿ ತಿರುಗಿಸಿದಳು. 'ಹಳೇ ಬಂಗಲೆಯ ಪೆಟ್ಟಿಗೆಯಲ್ಲಿ ಸಿಕ್ಕಿದ್ದು. ವಿದೇಶಿ ಕಲಾವಿದರ ವಿನ್ಯಾಸ.' ಬಟ್ಟೆಯ ಮೂಲೆಯಲ್ಲಿ ಕೊಂಕು ಬಳ್ಳಿಯಿರಲಿಲ್ಲ. ಅಲ್ಲೊಂದು ಇಂಗ್ಲಿಷ್ ಹೆಸರು ನೆಟ್ಟಗೆ ಕೂತಿತ್ತು.

"ನಮ್ ದಾದಾ ಹೆಸ್ರು ಎಲ್ಲಿ?" ಎಂದಳು.

"ಆ ಬಳ್ಳೀನ ಕನ್ನಡೀಲಿ ನೋಡಿದ್ರೆ ಪೇಂಟರ್ ಹೆಸ್ರು ಕಣಕ್ಕ. ಹೊಸ ಅಚ್ಚು ಮಾಡ್ಸಿ ತಪ್ಪು ಸರಿ ಮಾಡ್ಬುಟ್ಟೆ. ದೊಡ್ಡೋರ ಹೆಸ್ರಿದ್ರೆ ಜನ ಮುಗಿಬೀಳ್ತಾರೆ. ಶಿರಾದ ಅಚ್ಚಿನ ಸಾಬ್ರ ಹೆಸ್ರು ಯಾರಿಗೆ ಬೇಕು ಹೇಳಿ?" ಎಂದ ಪ್ರಸನ್ನ ಕುಮಾರ್.

"ನಮ್ಮ ಹಳೇ ಅಚ್ಚು ಕೊಡಿ."

ಅವನು ಗದ್ದ ಎತ್ತಿ ತೋರಿಸಿದ. ಅಲುಗಾಡುವ ಡ್ರಮ್ಮೊಂದರ ಅಡಿಗೆ ಕಲ್ಲಿನ ಬದಲು ತಾತನ ಅಚ್ಚನ್ನು ಇಟ್ಟಿದ್ದರು. ಗಬ್ಬು ನೀರು ಕುಡಿದು ಅದು ಕಪ್ಪಾಗಿತ್ತು. ಅವನ ಮೇಲೆ ಎಷ್ಟು ಹೇಸಿಗೆಯಾಯಿತೋ, ಕೈಯಾರೆ ಅದನ್ನು ಕೊಟ್ಟ ತನ್ನ ಮೇಲೂ ಜೈಬಾಗೆ ಅಷ್ಟೇ ಆಯಿತು. ಬಗ್ಗಿ ಅಚ್ಚನ್ನು ಎಳೆದಳು. ಡ್ರಮ್ಮು ವಾಲಿ ಟೀ ನೀರೆಲ್ಲ ಅವನ ಬಿಳೀ ಶೂಗಳ ಮೇಲೆ ಹರಿಯಿತು. ಹರಿಯಲಿ.

ಮನೆಯಲ್ಲಿ ಸೋಪು ಹಾಕಿ ಮೂರು ಸಲ ತೊಳೆದರೂ ಅಚ್ಚಿನ ನಾತ ಹೋಗಲಿಲ್ಲ. ಅಜ್ಜಿ ಮುಂದಿಟ್ಟ ಟೀ ಲೋಟವನ್ನು ಜೈಬಾ ದೂರ ಸರಿಸಿದಳು.

"ಹೆಸ್ರು ಹಾಕವ್ರಾ ಬೇಟಿ?" ಎಂದು ಕೇಳಿದಳು ರಹಮತ್ ಬಿ.

ಹೂಂ ಅಂದಿದ್ದರೂ ಆ ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ಒಂದು ದಿನಕ್ಕೆ ಅಷ್ಟು ಸುಳ್ಳು ಸಾಕಾಗಿತ್ತು.

"ಇಲ್ಲ ದಾದಿ. ಬಳ್ಳಿ ತೆಗೆದು ಆ ಚಿತ್ರ ಬರೆದೋನ ಹೆಸ್ರು ನೆಟ್ಟಗೆ ಹಾಕವ್ರೆ."

ರಹಮತ್ ಬಿ ಒದ್ದೆ ಅಚ್ಚನ್ನು ಮಡಿಲಿಗೆಳೆದುಕೊಂಡು ಬಳ್ಳಿಯ ಮೇಲೆ ಬೆರಳಾಡಿಸಿದಳು.

"ನೆಟ್ಟಗಿದ್ರೆ ಅದು ನಿಮ್ ದಾದಾಂದಲ್ಲ, ಬುಡು" ಅಂದಳು.